ಐದು ಆ್ಯಪ್, ಒಂದು ಮನೆ: ಬೇರೆ ಬೇರೆ ಕಂಪನಿಯ ಸ್ಮಾರ್ಟ್ ಸಾಮಾನುಗಳನ್ನು ಒಟ್ಟಿಗೆ ಓಡಿಸೋದು ಹೇಗೆ?

ಜಾಲಹಳ್ಳಿ_ಕ್ರಾಸ್:

ಎಲ್ಲರಿಗೂ ನಮಸ್ಕಾರ. ಎರಡು ವರ್ಷದಿಂದ ಆಫರ್ ಬಂದಾಗಲೆಲ್ಲ ಒಂದೊಂದೇ ತಂದು ತಂದು ಈಗ ಮನೆ ಸಂತೆಯಾಗಿದೆ. ಹಾಲ್‌ನ ಮೂರು ವೈಫೈ ಬಲ್ಬು ಒಂದು ಕಂಪನಿಯದು, ರೂಮಿನ ಎರಡು ಇನ್ನೊಂದು ಕಂಪನಿಯದು, ಗೀಸರ್ ಪ್ಲಗ್ ಮೂರನೆಯದು, ಬಿಎಲ್‌ಡಿಸಿ ಫ್ಯಾನ್‌ಗೆ ಅದರದೇ ಆ್ಯಪ್, ಎಸಿಗೆ ಅಂತ ತಂದ, ರಿಮೋಟಿನ ಕೆಲಸ ಮಾಡುವ ಐಆರ್ ಡಬ್ಬಿಗೆ ಮತ್ತೊಂದು. ಇವೆಲ್ಲದರ ಮೇಲೆ ಮಾತಾಡುವ ಒಂದು ಪುಟ್ಟ ಸ್ಪೀಕರ್. ಬಾಗಿಲಿಗೆ ಅಂತ ಒಂದು ಸೆನ್ಸರ್ ಕೂಡ ತಂದೆ. ಡಬ್ಬಿ ಮೇಲೆ ಮ್ಯಾಟರ್ ಅಂತ ಗುರುತಿತ್ತು, ಎಲ್ಲದರ ಜೊತೆ ಹೊಂದುತ್ತದೆ ಅಂದರು. ಇವತ್ತಿನವರೆಗೂ ಯಾವುದರ ಜೊತೆಗೂ ಹೊಂದಿಲ್ಲ.

ನನಗೆ ಬೇಕಾದದ್ದು ದೊಡ್ಡದೇನಲ್ಲ. ಬೆಳಿಗ್ಗೆ 5.30ಕ್ಕೆ ಗೀಸರ್ ಆನ್ ಆಗಿ 6ಕ್ಕೆ ಆಫ್ ಆಗಬೇಕು. ರಾತ್ರಿ ಒಂದು ಮಾತಿಗೆ ದೀಪ ಎಲ್ಲ ಆರಿ ಫ್ಯಾನ್ 3ಕ್ಕೆ ಬರಬೇಕು. ಕತ್ತಲಲ್ಲಿ ಬಾಗಿಲು ತೆಗೆದರೆ ಪ್ಯಾಸೇಜ್ ದೀಪ ಹತ್ತಬೇಕು. ಅಷ್ಟೇ.

ಆಗುತ್ತಿರೋದು ಬೇರೆ. ಅಮ್ಮ ಹಾಸನದಿಂದ ಬಂದು ನಮ್ಮ ಜೊತೆಗಿದ್ದಾರೆ. ರಾತ್ರಿ ಒಂಬತ್ತೂವರೆಗೆ ಮನೆ ತುಂಬಾ ಒಂದು ಸುತ್ತು ಹೊಡೆದು ಎಲ್ಲ ಸ್ವಿಚ್ಚೂ ಆರಿಸಿ ಮಲಗೋದು ಅವರ ಐವತ್ತು ವರ್ಷದ ಅಭ್ಯಾಸ. ಸ್ವಿಚ್ ಆರಿದ ಮೇಲೆ ಬಲ್ಬಿಗೆ ಕರೆಂಟೇ ಇಲ್ಲ, ಆ್ಯಪ್ ತೆಗೆದರೆ ಎಲ್ಲ ಆಫ್‌ಲೈನ್. ಬೇಡ ಅಂತ ಹೋದ ವಾರ ಸ್ವಿಚ್ಚುಗಳ ಮೇಲೆ ಟೇಪ್ ಅಂಟಿಸಿ ಆನ್‌ನಲ್ಲೇ ಬಿಟ್ಟೆ. ರಾತ್ರಿ 2.40ಕ್ಕೆ ಕರೆಂಟ್ ಹೋಗಿ ಬಂತು ನೋಡಿ, ಐದೂ ಬಲ್ಬು ಒಟ್ಟಿಗೆ ಬೆಳ್ಳಗೆ ಹತ್ತಿಕೊಂಡವು. ಅಮ್ಮ ಎದ್ದು ಕಳ್ಳರು ಅಂತ ಕೂಗಿದರು, ಪಕ್ಕದ ಫ್ಲಾಟಿನವರು ದೊಣ್ಣೆ ಹಿಡಿದುಕೊಂಡು ಬಂದರು. ಟೇಪ್ ಅವತ್ತೇ ಕಿತ್ತೆ.

ಎಲ್ಲ ಬಿಸಾಕಿ ಒಂದೇ ಕಂಪನಿಯದು ತರಬೇಕಾ, ಅಥವಾ ಇರೋದನ್ನೇ ಒಂದು ದಾರಿಗೆ ತರಬಹುದಾ?

ಗೋಡೆ_ಸ್ವಿಚ್_ಸಂಘ:

ಎದ್ದು ಹೋಗಿ ಸ್ವಿಚ್ ಒತ್ತಿ. ಎರಡು ಸೆಕೆಂಡ್ ಸಾಕು, ಆ್ಯಪ್ ಬೇಡ, ದೊಣ್ಣೆಯೂ ಬೇಡ.

ಒಂಟಿಕೊಪ್ಪಲ್_ರೂಟರ್:

ಮೇಲಿನವರನ್ನು ಬಿಡಿ, ಅವರು ಪ್ರತಿ ಚರ್ಚೆಯಲ್ಲೂ ಇದನ್ನೇ ಬರೆಯುತ್ತಾರೆ.

ಏನನ್ನೂ ಬಿಸಾಕಬೇಡಿ. ಮೊದಲು ಒಂದು ವಿಷಯ ತಲೆಯಲ್ಲಿ ಬೇರೆ ಮಾಡಿಕೊಳ್ಳಿ. ಒಂದೇ ವೈಫೈ ಮೇಲಿರೋದು ಬೇರೆ, ಒಂದೇ ಭಾಷೆ ಮಾತಾಡೋದು ಬೇರೆ. ಒಂದು ಬಸ್ಸಿನಲ್ಲಿ ಕೂತ ಮಾತ್ರಕ್ಕೆ ಎಲ್ಲರೂ ನೆಂಟರಾಗಲ್ಲ, ಅಲ್ವಾ? ನಿಮ್ಮ ಒಂದೊಂದು ಬಲ್ಬೂ ತನ್ನ ಕಂಪನಿಯ ಸರ್ವರ್ ಜೊತೆ ಮಾತ್ರ ಮಾತಾಡುತ್ತಾ ಕೂತಿದೆ. ನೀವು ಸೋಫಾದಲ್ಲಿ ಕೂತು ಒತ್ತಿದ್ದು ಎಷ್ಟೋ ಸಲ ಮನೆ ಬಿಟ್ಟು ಆ ಸರ್ವರ್‌ವರೆಗೆ ಹೋಗಿ, ತಿರುಗಿ ಹತ್ತಡಿ ದೂರದ ಬಲ್ಬಿಗೆ ಬರುತ್ತದೆ. ಇಂಟರ್ನೆಟ್ ಹೋದರೆ ಎಷ್ಟೋ ಸಲ ಅದೂ ಇಲ್ಲ.

ಒಳ್ಳೆ ಸುದ್ದಿ ಏನಂದರೆ, ಐದು ಕಂಪನಿ ಅಂತ ನೀವು ಅಂದುಕೊಂಡಿರೋದು ನಿಜಕ್ಕೂ ಐದು ಇರಲಿಕ್ಕಿಲ್ಲ. ಟುಯಾ ಅಂತ ಚೀನಾದ ಹಾಂಗ್‌ಝೌ ಊರಿನ ಕಂಪನಿ ಇದೆ, 2014ರಲ್ಲಿ ಶುರುವಾದದ್ದು. ಒಳಗಿನ ಚಿಪ್, ಸರ್ವರ್, ಆ್ಯಪ್ ಎಲ್ಲ ಅವರೇ ಕೊಡುತ್ತಾರೆ, ಹೊರಗೆ ಚೀಟಿ ಅಂಟಿಸೋದು ಮಾತ್ರ ಬೇರೆಯವರು. ನಮ್ಮಲ್ಲಿ ವಿಪ್ರೋ ಸ್ಮಾರ್ಟ್ ಬಲ್ಬಿನಿಂದ ಹಿಡಿದು ಹೆಸರೇ ಕೇಳಿಲ್ಲದ ಎಷ್ಟೋ ಪ್ಲಗ್‌ಗಳವರೆಗೆ ಒಳಗಿರೋದು ಇದೇ. ನಿಮ್ಮ ಎರಡು ಆ್ಯಪ್ ತೆಗೆದು ಪಕ್ಕ ಪಕ್ಕ ನೋಡಿ. ಬಣ್ಣ, ಹೆಸರು ಬೇರೆ ಇದ್ದು, ಬಟನ್‌ಗಳು ಅದೇ ಜಾಗದಲ್ಲಿದ್ದರೆ ಎರಡೂ ಒಂದೇ ತಾಯಿ ಮಕ್ಕಳು. ಹಾಗಿದ್ದರೆ ಎಲ್ಲವನ್ನೂ ಹಳೇ ಆ್ಯಪ್‌ನಿಂದ ತೆಗೆದು, ಬಲ್ಬನ್ನು ಆನ್ ಆಫ್ ಆನ್ ಆಫ್ ಮಾಡಿ ಮಿಟುಕುವ ಹಾಗೆ ಮಾಡಿ, ಸ್ಮಾರ್ಟ್ ಲೈಫ್ ಅನ್ನುವ ಒಂದೇ ಆ್ಯಪ್‌ಗೆ ಸೇರಿಸಿ. ಖಾತೆ ತೆರೆಯುವಾಗ ದೇಶ ಭಾರತ ಅಂತಲೇ ಕೊಡಿ. ಬೇರೆ ದೇಶ ಕೊಟ್ಟರೆ ಬೇರೆ ಸರ್ವರ್‌ಗೆ ಹೋಗುತ್ತದೆ, ಆಮೇಲೆ ಒದ್ದಾಟ.

ಸೆನ್ಸರ್ ಡಬ್ಬಿ ಒಮ್ಮೆ ನೋಡಿ. ಮ್ಯಾಟರ್ ಗುರುತಿನ ಹತ್ತಿರ ಸಣ್ಣ ಅಕ್ಷರದಲ್ಲಿ ಥ್ರೆಡ್ ಅಂತ ಇದೆಯಾ?

ಜಾಲಹಳ್ಳಿ_ಕ್ರಾಸ್:

ಕನ್ನಡಕ ಹಾಕಿಕೊಂಡು ನೋಡಿದೆ. ಇದೆ! ಹಾಗಂದರೇನು?

ಒಂಟಿಕೊಪ್ಪಲ್_ರೂಟರ್:

ಅದೇ ನಿಮ್ಮ ಸೆನ್ಸರ್ ಕಥೆ. ಮ್ಯಾಟರ್ ಅನ್ನೋದು ಭಾಷೆ, ಥ್ರೆಡ್ ಅನ್ನೋದು ದಾರಿ.

ಹಿನ್ನೆಲೆ ಸ್ವಲ್ಪ ಹೇಳುತ್ತೇನೆ. ಊರಿಗೊಂದು ದಾರಿಯಾದರೆ ಎಡವಟ್ಟನಿಗೊಂದು ದಾರಿ ಅನ್ನೋ ಹಾಗೆ ಎಲ್ಲ ಕಂಪನಿಗಳೂ ಇದ್ದವು. 2019ರ ಡಿಸೆಂಬರ್‌ನಲ್ಲಿ ಅಮೆಜಾನ್, ಆಪಲ್, ಗೂಗಲ್ ಮತ್ತು ಜಿಗ್ಬೀ ಅಲಯನ್ಸ್ (ಜಿಗ್ಬೀ ಅನ್ನುವ ಇನ್ನೊಂದು ವೈರ್‌ಲೆಸ್ ದಾರಿಯ ಒಕ್ಕೂಟ) ಸೇರಿ ಒಂದೇ ಭಾಷೆ ಮಾಡೋಣ ಅಂದವು. ಅದೇ ಮುಂದೆ ಮ್ಯಾಟರ್ ಆಯಿತು, ಮೊದಲ ಆವೃತ್ತಿ ಬಂದದ್ದು 2022ರ ಅಕ್ಟೋಬರ್‌ನಲ್ಲಿ. ಈ ಭಾಷೆಯನ್ನು ವೈಫೈ ಮೇಲೂ ಮಾತಾಡಬಹುದು, ಥ್ರೆಡ್ ಮೇಲೂ ಮಾತಾಡಬಹುದು. ಬ್ಯಾಟರಿ ಸಾಮಾನುಗಳಿಗೆ ವೈಫೈ ಭಾರ, ಅದಕ್ಕೇ ಥ್ರೆಡ್. ಆದರೆ ಥ್ರೆಡ್‌ನಿಂದ ನಿಮ್ಮ ಮನೆ ನೆಟ್‌ವರ್ಕಿಗೆ ಒಂದು ಸೇತುವೆ ಬೇಕು, ಅದಕ್ಕೆ ಬಾರ್ಡರ್ ರೂಟರ್ ಅನ್ನುತ್ತಾರೆ. ಆಪಲ್‌ನ ಹೋಮ್‌ಪಾಡ್ ಮಿನಿಯಲ್ಲಿ ಅದಿದೆ, ಗೂಗಲ್‌ನ ಎರಡನೇ ತಲೆಮಾರಿನ ನೆಸ್ಟ್ ಹಬ್‌ನಲ್ಲಿದೆ, ಅಮೆಜಾನ್‌ನ ಉಂಡೆಯಾಕಾರದ ನಾಲ್ಕನೇ ತಲೆಮಾರಿನ ದೊಡ್ಡ ಎಕೋದಲ್ಲಿದೆ. ಪುಟ್ಟ ಸ್ಪೀಕರ್‌ಗಳಲ್ಲಿ ಸಾಮಾನ್ಯವಾಗಿ ಇರಲ್ಲ. ಅವು ವೈಫೈ ಮೇಲಿನ ಮ್ಯಾಟರ್ ಮಾತ್ರ ನೋಡಿಕೊಳ್ಳುತ್ತವೆ.

ಸೆನ್ಸರ್ ಸರಿಯಾಗಿದೆ, ಸ್ಪೀಕರ್ ಸರಿಯಾಗಿದೆ, ಮಧ್ಯೆ ಸೇತುವೆ ಇಲ್ಲ. ಇದನ್ನು ಡಬ್ಬಿ ಮೇಲೆ ದಪ್ಪ ಅಕ್ಷರದಲ್ಲಿ ಬರೆಯಬೇಕಿತ್ತು, ಬರೆಯಲ್ಲ.

ಡಲ್ಲಾಸ್_ದಾವಣಗೆರೆ:

ಮ್ಯಾಟರ್ ಬಂದ ಮೇಲೂ ಎಲ್ಲ ಸರಿಹೋಯಿತು ಅಂತಲ್ಲ. ಅದರಲ್ಲಿ ಮೊದಲು ಬಲ್ಬು, ಪ್ಲಗ್ಗು, ಬೀಗ, ಪರದೆ ಇಂಥವೇ ಇದ್ದದ್ದು. ಫ್ಯಾನು, ರೂಮ್ ಎಸಿ, ಗುಡಿಸುವ ರೋಬೋ ಸೇರಿದ್ದು 2023ರ ಅಕ್ಟೋಬರ್‌ನ 1.2 ಆವೃತ್ತಿಯಲ್ಲಿ. ಕ್ಯಾಮೆರಾ ಸೇರಲು 2025ರ ನವೆಂಬರ್‌ನ 1.5 ಬರಬೇಕಾಯಿತು. ಅದೂ ನಿಯಮದ ಪುಸ್ತಕದಲ್ಲಿ ಸೇರಿದ್ದು, ನಿಮ್ಮ ಸ್ಪೀಕರ್ ಅದನ್ನು ಯಾವಾಗ ಕಲಿಯುತ್ತದೋ ಅದರ ಮರ್ಜಿ.

ನನ್ನ ದಡ್ಡತನ ಒಂದು ಹೇಳಿಬಿಡುತ್ತೇನೆ, ಹೊರಗಿರುವವರಿಗೆ ಉಪಯೋಗ ಆಗಬಹುದು. ಮೊದಲ ಸಲ ಊರಿಗೆ ಹೋಗುವಾಗ ಇಲ್ಲಿ ಅಮೆರಿಕದಿಂದ ಎಂಟು ಝಡ್‌ವೇವ್ (ಜಿಗ್ಬೀ ಥರದ್ದೇ ಇನ್ನೊಂದು ವೈರ್‌ಲೆಸ್ ದಾರಿ) ಸ್ವಿಚ್ ಸೂಟ್‌ಕೇಸಿನಲ್ಲಿ ತುಂಬಿಕೊಂಡು ದಾವಣಗೆರೆಗೆ ಹೋದೆ, ಅಪ್ಪ ಅಮ್ಮನ ಮನೆಯನ್ನು ಹೈಟೆಕ್ ಮಾಡೋಣ ಅಂತ. ಒಂದನೆಯದು, ಅವು 120 ವೋಲ್ಟಿನವು. ಎರಡನೆಯದು, ಅಮೆರಿಕದ ಝಡ್‌ವೇವ್ ಓಡೋದು 908 ಮೆಗಾಹರ್ಟ್ಸ್ ಆಸುಪಾಸಿನಲ್ಲಿ, ಭಾರತದ್ದು 865ರಲ್ಲಿ. ಅಲ್ಲಿ ಕೊಂಡ ಹಬ್‌ಗೆ, ಅಂದರೆ ಎಲ್ಲ ಸ್ವಿಚ್ಚಿಗೂ ಅಪ್ಪಣೆ ಕೊಡುವ ಡಬ್ಬಿಗೆ, ಇಲ್ಲಿಯ ಸ್ವಿಚ್ ಕಿವಿಗೇ ಬೀಳಲ್ಲ. ಎಂಟೂ ವಾಪಸ್ ಹೊತ್ತುಕೊಂಡು ಬಂದೆ. ಅಪ್ಪ ಏರ್‌ಪೋರ್ಟಿನವರೆಗೂ ನಗುತ್ತಿದ್ದರು. ಜಿಗ್ಬೀ, ಥ್ರೆಡ್, ವೈಫೈಗೆ ಈ ತೊಂದರೆ ಇಲ್ಲ, ಅವು ಎಲ್ಲ ದೇಶದಲ್ಲೂ 2.4 ಗಿಗಾಹರ್ಟ್ಸ್‌ನಲ್ಲಿ ಓಡುತ್ತವೆ.

ಮೇನ್‌ಸ್ವಿಚ್:

ನಾನು ವೈರಿಂಗ್ ಕೆಲಸದವನು, ಹುಬ್ಬಳ್ಳಿ. ನೀವೆಲ್ಲ ಆ್ಯಪ್ ಬಗ್ಗೆ ಮಾತಾಡುತ್ತಿದ್ದೀರಿ. ತಾಯಿಯವರ ವಿಷಯ ಯಾರೂ ಎತ್ತಲೇ ಇಲ್ಲ.

ಬಲ್ಬಿನೊಳಗೆ ಬುದ್ಧಿ ಇಟ್ಟರೆ ಗೋಡೆ ಸ್ವಿಚ್ಚು ಅದರ ಶತ್ರು. ಬುದ್ಧಿ ಗೋಡೆಯೊಳಗೆ ಇಡಬೇಕು. ಸ್ವಿಚ್ ಹಿಂದೆ ಕೂರುವ ಸಣ್ಣ ರಿಲೇ ಮಾಡ್ಯೂಲ್ (ಅಪ್ಪಣೆ ಬಂದಾಗ ತಾನೇ ಆನ್ ಆಫ್ ಆಗುವ ಸ್ವಿಚ್) ಸಿಗುತ್ತದೆ, ಶೆಲ್ಲಿ, ಸೋನಾಫ್ ಥರದವು. ಈಗಿರುವ ಸ್ವಿಚ್ಚಿನ ತಂತಿ ಅದರ ಸ್ವಿಚ್ ಟರ್ಮಿನಲ್‌ಗೆ ಹೋಗುತ್ತದೆ, ಬಲ್ಬು ಸಾದಾ ಎಲ್‌ಇಡಿ. ತಾಯಿ ಸ್ವಿಚ್ ಒತ್ತಿದರೂ ಆರುತ್ತದೆ, ನೀವು ಫೋನ್‌ನಲ್ಲಿ ಒತ್ತಿದರೂ ಆರುತ್ತದೆ, ಮಾಡ್ಯೂಲ್‌ಗೆ ಕರೆಂಟ್ ಯಾವಾಗಲೂ ಇರುತ್ತದೆ. ಇಂಟರ್ನೆಟ್ ಸತ್ತರೂ ಸ್ವಿಚ್ ಸಾಯಲ್ಲ.

ಆದರೆ ಮೊದಲು ಬೋರ್ಡ್ ಬಿಚ್ಚಿಸಿ ನ್ಯೂಟ್ರಲ್, ಅಂದರೆ ಕರೆಂಟ್ ವಾಪಸ್ ಹೋಗುವ ತಂತಿ, ಇದೆಯಾ ನೋಡಿಸಿ. ಸಾಕೆಟ್ ಇರುವ ಬೋರ್ಡಿನಲ್ಲಿ ಇದ್ದೇ ಇರುತ್ತದೆ. ಬರೀ ಸ್ವಿಚ್ ಇರುವ ಬೋರ್ಡಿನಲ್ಲಿ ಎಷ್ಟೋ ಕಡೆ ಇರಲ್ಲ, ಫೇಸ್ ಮಾತ್ರ ಇಳಿಸಿರುತ್ತಾರೆ. ನ್ಯೂಟ್ರಲ್ ಬೇಡದ ಮಾಡ್ಯೂಲ್ ಇದೆ ಅಂತ ಅಂಗಡಿಯವರು ಕೊಡುತ್ತಾರೆ. ಅದು ಬಲ್ಬಿನ ಮೂಲಕವೇ ಸ್ವಲ್ಪ ಕರೆಂಟ್ ಹರಿಸಿ ಬದುಕುತ್ತದೆ. ಸಣ್ಣ ಎಲ್‌ಇಡಿ ಆಗಿದ್ದರೆ ಆರಿಸಿದ ಮೇಲೂ ಮಿಣುಕುತ್ತಾ ಇರುತ್ತದೆ, ದೆವ್ವ ಬಂದ ಹಾಗೆ. ಅದಕ್ಕೆ ಬಲ್ಬಿನ ಹತ್ತಿರ ಒಂದು ಕೆಪಾಸಿಟರ್ ಹಾಕಬೇಕು.

ಮತ್ತೆ ಗೀಸರ್ ಪ್ಲಗ್ ಎಷ್ಟು ಆಂಪಿಯರಿನದು?

ಜಾಲಹಳ್ಳಿ_ಕ್ರಾಸ್:

10 ಆಂಪಿಯರ್ ಅಂತ ಇದೆ. ಗೀಸರ್ 2 ಕಿಲೋವ್ಯಾಟ್.

ಮೇನ್‌ಸ್ವಿಚ್:

ಇವತ್ತೇ ತೆಗೆಯಿರಿ. 2000 ವ್ಯಾಟ್ ಅಂದರೆ 230 ವೋಲ್ಟಿಗೆ 8.7 ಆಂಪಿಯರ್. ಲೆಕ್ಕದಲ್ಲಿ ಹತ್ತರೊಳಗೇ ಇದೆ, ಆದರೆ ದಿನಾ ಅರ್ಧ ಗಂಟೆ ಪೂರ್ತಿ ಲೋಡ್ ಹೊತ್ತು ಆ ಪುಟ್ಟ ರಿಲೇ ಎಷ್ಟು ದಿನ ತಾಳುತ್ತದೆ? 3 ಕಿಲೋವ್ಯಾಟಿನ ಇನ್‌ಸ್ಟಂಟ್ ಗೀಸರ್ ಆದರೆ 13 ಆಂಪಿಯರ್, ಅದಕ್ಕಂತೂ ಮಾತೇ ಇಲ್ಲ. ನಾನು ಬಿಚ್ಚಿದ ಒಂದು ಪ್ಲಗ್ ಸಾಕೆಟ್ಟಿಗೇ ಅಂಟಿಕೊಂಡಿತ್ತು, ಚಾಕುವಿನಲ್ಲಿ ಕೆರೆದು ತೆಗೆದೆ, ಪ್ಲಾಸ್ಟಿಕ್ ಬೆಲ್ಲದ ಪಾಕದ ಹಾಗೆ ಇಳಿದಿತ್ತು. ಕಡಿಮೆ ಅಂದರೂ 16 ಆಂಪಿಯರಿನದು ಹಾಕಿ.

ಅಡಿಕೆ_ಸಿಪ್ಪೆ:

ಇದೇ ಮಾತು ಮೋಟರ್‌ಗೂ ಹೇಳಿ ಗುರುಗಳೇ. ನಾನು ತೀರ್ಥಹಳ್ಳಿ ಕಡೆ. ಮನೆ ಸಂಪಿನ 1 ಎಚ್‌ಪಿ ಮೋಟರ್ 746 ವ್ಯಾಟ್ ತಾನೇ ಅಂತ 16 ಆಂಪಿಯರ್ ಸ್ಮಾರ್ಟ್ ಪ್ಲಗ್ ಹಾಕಿದೆ. ಮೋಟರ್ ಶುರುವಾಗುವ ಕ್ಷಣ ಐದಾರು ಪಟ್ಟು ಎಳೆಯುತ್ತದೆ ಅಂತ ಗೊತ್ತಿರಲಿಲ್ಲ. ಮೂರು ತಿಂಗಳಿಗೆ ರಿಲೇ ಒಳಗೆ ಬೆಸೆದುಕೊಂಡಿತು. ಆ್ಯಪ್‌ನಲ್ಲಿ ಆಫ್ ಅಂತ ತೋರಿಸುತ್ತಿದೆ, ಟ್ಯಾಂಕ್ ತುಂಬಿ ಅಂಗಳದಲ್ಲಿ ಹೊಳೆ. ಈಗ ಕಾಂಟ್ಯಾಕ್ಟರ್ (ಭಾರೀ ಲೋಡ್ ತಾಳುವ ದೊಡ್ಡ ರಿಲೇ) ಹಾಕಿದ್ದೇನೆ, ಸ್ಮಾರ್ಟ್ ರಿಲೇ ಅದರ ಕಾಯಿಲ್ ಮಾತ್ರ ಎಳೆಯುತ್ತದೆ. ಎರಡು ವರ್ಷವಾಯಿತು, ತೊಂದರೆ ಇಲ್ಲ.

ಒಂಟಿಕೊಪ್ಪಲ್_ರೂಟರ್:

ಈಗ ಎಲ್ಲವನ್ನೂ ಒಂದು ಸೂರಿನಡಿ ತರೋ ವಿಷಯ. ಎರಡು ದಾರಿ ಇದೆ. ಸುಲಭದ್ದು, ಸ್ಪೀಕರ್ ಆ್ಯಪ್‌ನಲ್ಲೇ ಎಲ್ಲ ಕಂಪನಿಗಳ ಖಾತೆ ಜೋಡಿಸಿ ರೂಟೀನ್ (ಒಂದು ಮಾತಿಗೋ ಸಮಯಕ್ಕೋ ತಾನಾಗಿ ಆಗುವ ಕೆಲಸಗಳ ಪಟ್ಟಿ) ಮಾಡೋದು. ಅರ್ಧ ಗಂಟೆ ಕೆಲಸ. ಇನ್ನೊಂದು, ಹೋಮ್ ಅಸಿಸ್ಟೆಂಟ್. ಬೇರೆ ಬೇರೆ ಕಂಪನಿಯ ಸಾಮಾನನ್ನು ಮನೆಯೊಳಗಿನ ಒಂದೇ ಕಂಪ್ಯೂಟರಿನಿಂದ ಓಡಿಸುವ, 2013ರಿಂದ ಇರುವ ಓಪನ್ ಸೋರ್ಸ್ ಸಾಫ್ಟ್‌ವೇರ್, ದುಡ್ಡಿಲ್ಲ. ರಾಸ್ಪ್‌ಬೆರಿ ಪೈ ಅನ್ನುವ ಪುಟ್ಟ ಕಂಪ್ಯೂಟರ್ ಮೇಲೂ ಓಡುತ್ತದೆ, ಮೂಲೆಯಲ್ಲಿ ಬಿದ್ದ ಹಳೇ ಲ್ಯಾಪ್‌ಟಾಪ್ ಮೇಲೂ ಓಡುತ್ತದೆ. ಟುಯಾ ಸಾಮಾನುಗಳಿಗೆ ಮೊದಲು ಡೆವಲಪರ್ ಖಾತೆ ತೆರೆದು ಒದ್ದಾಡಬೇಕಿತ್ತು. 2024ರ ಫೆಬ್ರವರಿ ಆವೃತ್ತಿಯಿಂದ ಸ್ಮಾರ್ಟ್ ಲೈಫ್ ಆ್ಯಪ್‌ನಲ್ಲಿ ಒಂದು ಕ್ಯೂಆರ್ ಕೋಡ್ ತೋರಿಸಿದರೆ ಮುಗಿಯಿತು. ಫ್ಯಾನ್ ಆಟಂಬರ್ಗ್‌ನ ಸ್ಮಾರ್ಟ್ ಮಾದರಿ ಆಗಿದ್ದರೆ ಅವರು ಡೆವಲಪರ್ ಎಪಿಐ (ಬೇರೆ ಸಾಫ್ಟ್‌ವೇರ್ ಫ್ಯಾನ್ ಜೊತೆ ಮಾತಾಡಲು ಬಾಗಿಲು) ಕೊಡುತ್ತಾರೆ, ಅದನ್ನು ಬಳಸಿ ಜನ ಹೋಮ್ ಅಸಿಸ್ಟೆಂಟ್‌ಗೆ ಜೋಡಣೆ ಬರೆದಿದ್ದಾರೆ.

ಕುಂದಾಪ್ರ_ಕ್ಲೌಡ್:

ಮಾರಾಯ್ರೆ, ಒಂದು ಬಲ್ಬಿಗೆ ಸರ್ವರ್ ಕೂರಿಸಲು ಹೇಳುತ್ತಿದ್ದೀರಲ್ಲ! ನನ್ನ ಮನೆಯಲ್ಲಿ ಮೂರು ವರ್ಷದಿಂದ ಎಲ್ಲ ಸ್ಪೀಕರ್ ಆ್ಯಪ್‌ನಲ್ಲೇ ಇದೆ, ಏನೂ ಆಗಿಲ್ಲ. ಹೋಮ್ ಅಸಿಸ್ಟೆಂಟ್ ಅನ್ನೋದು ಎರಡನೇ ನೌಕರಿ. ಶನಿವಾರ ಅಪ್‌ಡೇಟ್ ಒತ್ತಿದರೆ ಭಾನುವಾರ ಇಡೀ ದಿನ ಅದರ ಮುಂದೆ. ಹೆಂಡತಿ ಮಕ್ಕಳಿರುವವರಿಗೆ ಹೇಳುವ ಮಾತಾ ಇದು?

ಒಂಟಿಕೊಪ್ಪಲ್_ರೂಟರ್:

ಅಪ್‌ಡೇಟ್ ಬಂದ ದಿನವೇ ಒತ್ತುವವರಿಗೆ ಹಾಗಾಗುತ್ತದೆ. ನಾನು ಮೂರು ತಿಂಗಳಿಗೊಮ್ಮೆ ಮಾಡುತ್ತೇನೆ, ಬ್ಯಾಕಪ್ ತೆಗೆದು.

ಏನೂ ಆಗಿಲ್ಲ ಅಂದಿರಲ್ಲ, ರಿವಾಲ್ವ್ ಅನ್ನುವ ಹಬ್ ಕೊಂಡವರೂ ಹಾಗೇ ಅಂದುಕೊಂಡಿದ್ದರು. 2014ರಲ್ಲಿ ಆ ಕಂಪನಿಯನ್ನು ಗೂಗಲ್‌ನ ನೆಸ್ಟ್ ಕೊಂಡಿತು, 2016ರ ಮೇ ತಿಂಗಳಲ್ಲಿ ಸರ್ವರ್ ಮುಚ್ಚಿತು. ಕಾಸು ಕೊಟ್ಟು ಕೊಂಡ ಹಬ್ ಗೋಡೆ ಮೇಲೆ ಬರೀ ಡಬ್ಬಿ. 2022ರ ಏಪ್ರಿಲ್‌ನಲ್ಲಿ ಇನ್‌ಸ್ಟಿಯಾನ್ ಅನ್ನುವ ಸ್ಮಾರ್ಟ್ ಸಾಮಾನಿನ ಕಂಪನಿಯ ಸರ್ವರ್‌ಗಳು ಮುನ್ಸೂಚನೆ ಇಲ್ಲದೆ ಆರಿದವು. ಜನ ಬೆಳಿಗ್ಗೆ ಎದ್ದು ನೋಡಿದರೆ ಆ್ಯಪ್ ಕೆಲಸ ಮಾಡುತ್ತಿಲ್ಲ. ಸರ್ವರ್ ಬೇಡದೆ ಹೋಮ್ ಅಸಿಸ್ಟೆಂಟ್ ಥರದ್ದರ ಮೂಲಕ ಓಡಿಸುತ್ತಿದ್ದವರ ಮನೆ ಮಾತ್ರ ನಡೆಯುತ್ತಿತ್ತು. ಬಳಕೆದಾರರೇ ಕೆಲವರು ಸೇರಿ ಆಮೇಲೆ ಆ ಕಂಪನಿಯನ್ನು ಕೊಂಡು ಮತ್ತೆ ಶುರು ಮಾಡಿದರು, ಅದು ಅವರ ಪುಣ್ಯ.

ಡಲ್ಲಾಸ್_ದಾವಣಗೆರೆ:

ಇಬ್ಬರದೂ ಸರಿ ಅನ್ನುವ ಅಡ್ಡಗೋಡೆ ಮೇಲಿನ ದೀಪ ನಾನಲ್ಲ. ಯಾರು ಮನೆಯಲ್ಲಿರುತ್ತಾರೆ ಅನ್ನೋದರ ಮೇಲೆ ಹೋಗುತ್ತದೆ. ಅಪ್ಪ ಅಮ್ಮನ ಮನೆಗೆ ನಾನು ಹೋಮ್ ಅಸಿಸ್ಟೆಂಟ್ ಹಾಕಲಿಲ್ಲ, ಕೆಟ್ಟರೆ ಸರಿ ಮಾಡಲು ಅಲ್ಲಿ ಯಾರೂ ಇಲ್ಲ. ಆಮೇಲೆ ಇಲ್ಲಿಂದ ಒಳಗೆ ಹೋಗೋಣ ಅಂದರೆ, ನಮ್ಮ ಕಡೆ ಮನೆ ಬ್ರಾಡ್‌ಬ್ಯಾಂಡ್‌ಗಳಲ್ಲಿ ಎಷ್ಟೋ ಸಲ ಪಬ್ಲಿಕ್ ಐಪಿಯೇ (ಹೊರಗಿನಿಂದ ಆ ಮನೆಯನ್ನು ತಲುಪುವ ವಿಳಾಸ) ಇರಲ್ಲ, ನೂರಾರು ಮನೆಗೆ ಒಂದೇ ವಿಳಾಸ ಹಂಚಿರುತ್ತಾರೆ. ರೂಟರ್‌ನಲ್ಲಿ ಪೋರ್ಟ್ ತೆರೆದು ಏನೂ ಪ್ರಯೋಜನ ಇಲ್ಲ. ಟೇಲ್‌ಸ್ಕೇಲ್ ಥರದ ವಿಪಿಎನ್ ಹಾಕಿದ ಮೇಲೆ ಸರಿಹೋಯಿತು.

ಮತ್ತೆ ಸ್ವಿಚ್ ಬಗ್ಗೆ ಒಂದು. ಇಲ್ಲಿ ಅಮೆರಿಕದಲ್ಲಿ ಸ್ವಿಚ್ ಮೇಲಕ್ಕೆ ಎತ್ತಿದರೆ ಆನ್, ನಮ್ಮಲ್ಲಿ ಕೆಳಕ್ಕೆ ಒತ್ತಿದರೆ ಆನ್. ರಿಲೇ ಮಾಡ್ಯೂಲ್ ಹಾಕಿದ ಮೇಲೆ ಎರಡೂ ಸುಳ್ಳು. ಫೋನ್‌ನಲ್ಲಿ ಒಮ್ಮೆ ಆರಿಸಿದರೆ ಸ್ವಿಚ್ ಕೆಳಗೇ ಇದ್ದು ದೀಪ ಆರಿರುತ್ತದೆ. ಅಪ್ಪನಿಗೆ ಇದು ಒಂದು ತಿಂಗಳು ತಲೆನೋವು. ಸ್ವಿಚ್ ಕೆಳಗಿದೆ, ದೀಪ ಇಲ್ಲ, ಬಲ್ಬ್ ಹೋಗಿದೆ ಅಂತ ಎರಡು ಹೊಸ ಬಲ್ಬ್ ತಂದು ಹಾಕಿದ್ದರು.

ಮೇನ್‌ಸ್ವಿಚ್:

ಅದಕ್ಕೆ ನಾನು ಸ್ವಿಚ್ ಬದಲಿಸಿ ಬೆಲ್ ಪುಶ್ ಹಾಕಿಬಿಡುತ್ತೇನೆ, ಮಾಡ್ಯೂಲ್ ಸೆಟ್ಟಿಂಗ್‌ನಲ್ಲಿ ಬಟನ್ ಅಂತ ಇಡಬೇಕು. ಒತ್ತಿದರೆ ಹತ್ತಿತು, ಇನ್ನೊಮ್ಮೆ ಒತ್ತಿದರೆ ಆರಿತು. ಮೇಲೆ ಕೆಳಗೆ ಅನ್ನೋ ಪ್ರಶ್ನೆಯೇ ಇಲ್ಲ. ಬೆಲೆಯೂ ಜಾಸ್ತಿ ಅಲ್ಲ, ಅದೇ ಮಾಡ್ಯುಲರ್ ಪ್ಲೇಟಿಗೆ ಕೂರುತ್ತದೆ. ಬೆಲ್ ಚಿತ್ರ ಇರುತ್ತದೆ, ಅದೊಂದು ನಗೆಪಾಟಲು.

ಜಾಲಹಳ್ಳಿ_ಕ್ರಾಸ್:

ಹತ್ತು ದಿನದ ವರದಿ.

ಎರಡು ಬಲ್ಬ್ ಕಂಪನಿ, ಪ್ಲಗ್, ಐಆರ್ ಡಬ್ಬಿ ನಾಲ್ಕೂ ಒಂದೇ ತಾಯಿ ಮಕ್ಕಳು! ಎಲ್ಲ ಸ್ಮಾರ್ಟ್ ಲೈಫ್‌ಗೆ ಬಂದವು. ಸುಲಭವಾಗಿ ಅಲ್ಲ. ಬಲ್ಬು ಮಿಟುಕುತ್ತದೆ, ಆ್ಯಪ್ ಹುಡುಕುತ್ತದೆ, ನೂರಕ್ಕೆ ತೊಂಬತ್ತು ಅಂತ ಬಂದು ನಿಲ್ಲುತ್ತದೆ. ಒಂದು ಸಂಜೆ ಪೂರ್ತಿ ಹೋಯಿತು. ಕೊನೆಗೆ ಗೊತ್ತಾಯಿತು, ಬಲ್ಬಿಗೆ 2.4 ಗಿಗಾಹರ್ಟ್ಸ್ ವೈಫೈ ಮಾತ್ರ ಗೊತ್ತು, ನನ್ನ ರೂಟರ್ 2.4, 5 ಎರಡಕ್ಕೂ ಒಂದೇ ಹೆಸರು ಇಟ್ಟುಕೊಂಡು ಫೋನನ್ನು 5ಕ್ಕೆ ತಳ್ಳುತ್ತಿತ್ತು. 2.4ಕ್ಕೆ ಬೇರೆ ಹೆಸರು ಕೊಟ್ಟು ಫೋನನ್ನೂ ಅದಕ್ಕೇ ಸೇರಿಸಿದೆ. ಎಂಟು ನಿಮಿಷದಲ್ಲಿ ಎಲ್ಲ ಮುಗಿಯಿತು.

ಹೊಸ ತಲೆನೋವು: ನಡುರಾತ್ರಿ ಕರೆಂಟ್ ಬಂದಾಗ ಹತ್ತಬಾರದು ಅಂತ, ಕರೆಂಟ್ ಬಂದರೆ ಆಫ್ ಇರು ಅನ್ನುವ ಸೆಟ್ಟಿಂಗ್ ಹಾಕಿದೆ. ಬೆಳಿಗ್ಗೆ ಅಮ್ಮ ಸ್ವಿಚ್ ಹಾಕಿದರು, ದೀಪ ಹತ್ತಲೇ ಇಲ್ಲ. ನಾಲ್ಕು ಸಲ ಹಾಕಿ ತೆಗೆದರು, ಅಷ್ಟರಲ್ಲಿ ಬಲ್ಬು ರೀಸೆಟ್ ಆಗಿ ಮಿಟುಕಲು ಶುರು ಮಾಡಿತು. ಗೋಡೆಯಲ್ಲಿ ಸ್ವಿಚ್ ಹಾಕಿದ್ದು ಅಮ್ಮನೋ, ಕಂಬದಿಂದ ಕರೆಂಟ್ ಬಂದದ್ದೋ ಅಂತ ಬಲ್ಬಿಗೆ ಹೇಗೆ ಗೊತ್ತಾಗಬೇಕು ಪಾಪ.

ಅಡಿಕೆ_ಸಿಪ್ಪೆ:

ಹಿಂದೆ ಹೇಗಿತ್ತೋ ಹಾಗೇ ಇರು ಅಂತ ಮೂರನೇ ಆಯ್ಕೆ ಇರುತ್ತದೆ, ಅದನ್ನು ಹಾಕಿ. ಆ್ಯಪ್‌ನಲ್ಲಿ ಆರಿಸಿ ಮಲಗಿದ್ದರೆ ನಡುರಾತ್ರಿ ಕರೆಂಟ್ ಬಂದರೂ ಆರಿಯೇ ಇರುತ್ತದೆ. ತಾಯಿಯವರು ಸ್ವಿಚ್ಚಿನಲ್ಲಿ ಆರಿಸಿದ್ದರೆ ಬೆಳಿಗ್ಗೆ ಸ್ವಿಚ್ಚಿಗೇ ಹತ್ತುತ್ತದೆ. ಆದರೆ ನೀವು ಆ್ಯಪ್‌ನಲ್ಲಿ ಆರಿಸಿ, ಅವರು ಸ್ವಿಚ್ಚಿನಲ್ಲಿ ಹತ್ತಿಸಲು ಹೋದರೆ ಮತ್ತೆ ಅದೇ ಕಥೆ. ಪೂರ್ತಿ ಪರಿಹಾರ ಮೇನ್‌ಸ್ವಿಚ್ ಅವರು ಹೇಳಿದ್ದೇ.

ಕುಂದಾಪ್ರ_ಕ್ಲೌಡ್:

ಮತ್ತೆ ಒಂದು ಮಾತು, ರೂಟರ್ ಬದಲಿಸಿದರೆ ಹಳೇ ವೈಫೈ ಹೆಸರು, ಪಾಸ್‌ವರ್ಡ್ ಎರಡನ್ನೂ ಹಾಗೇ ಇಡಿ. ಒಂದಕ್ಷರ ಬದಲಾದರೂ ಎಲ್ಲ ಬಲ್ಬನ್ನೂ ಮತ್ತೆ ಏಣಿ ಹತ್ತಿ ರೀಸೆಟ್ ಮಾಡಬೇಕು. ನಾನು ಇಪ್ಪತ್ತೆರಡು ಸಲ ಹತ್ತಿ ಇಳಿದಿದ್ದೇನೆ.

ಜಾಲಹಳ್ಳಿ_ಕ್ರಾಸ್:

ತಿಂಗಳ ಮೇಲೆ ಬಂದೆ, ಕ್ಷಮಿಸಿ.

ಹಾಲ್ ಮತ್ತು ಪ್ಯಾಸೇಜ್‌ಗೆ ರಿಲೇ ಮಾಡ್ಯೂಲ್ ಹಾಕಿಸಿದೆ. ಹಾಲ್ ಬೋರ್ಡಿನಲ್ಲಿ ನ್ಯೂಟ್ರಲ್ ಇತ್ತು. ಪ್ಯಾಸೇಜ್‌ನಲ್ಲಿ ಇರಲಿಲ್ಲ, ಪಕ್ಕದ ಸಾಕೆಟ್ಟಿನಿಂದ ಎಳೆಸಿದೆ. ಎರಡೂ ಒಂದೇ ಸರ್ಕ್ಯೂಟಾ ಅಂತ ಮೊದಲು ನೋಡಬೇಕು ಅಂತ ನಮ್ಮ ಎಲೆಕ್ಟ್ರಿಷಿಯನ್ ಒಂದು ಗಂಟೆ ತೆಗೆದುಕೊಂಡರು. ಬೆಲ್ ಪುಶ್ಶೂ ಹಾಕಿಸಿದೆ. ಮೊದಲ ವಾರ ಬಂದ ನೆಂಟರು ಒತ್ತಿ ಒತ್ತಿ ಬೆಲ್ ಯಾಕೆ ಬಡಿಯಲ್ಲ ಅಂತ ಕೇಳಿದರು.

ಹೋಮ್ ಅಸಿಸ್ಟೆಂಟನ್ನು ಹಳೇ ಲ್ಯಾಪ್‌ಟಾಪ್ ಮೇಲೆ ಹಾಕಿದೆ. ಕುಂದಾಪ್ರ ಅವರ ಮಾತು ಅರ್ಧ ನಿಜ, ಎರಡು ಭಾನುವಾರ ಹೋಯಿತು. ಅದಾದ ಮೇಲೆ ಮುಟ್ಟಿಲ್ಲ. ಸೆನ್ಸರ್‌ಗೆ ಆಫೀಸಿನ ಗೆಳೆಯನ ಹತ್ತಿರ ಹಳೇ ನೆಸ್ಟ್ ಹಬ್ ಎರಡನೇ ತಲೆಮಾರಿನದು ಸಿಕ್ಕಿತು. ಪಕ್ಕಕ್ಕೆ ಇಟ್ಟು 11 ಅಂಕಿಯ ಕೋಡ್ ಹೊಡೆದೆ, ಒಂದು ನಿಮಿಷಕ್ಕೆ ಸೇರಿತು. ಅಲ್ಲಿಂದಲೇ ಇನ್ನೊಂದು ಕೋಡ್ ತೆಗೆದು ಹೋಮ್ ಅಸಿಸ್ಟೆಂಟ್‌ಗೂ ಸೇರಿಸಿದೆ, ಈಗ ಒಂದೇ ಸೆನ್ಸರ್ ಎರಡೂ ಕಡೆ ಕಾಣುತ್ತದೆ. ಮ್ಯಾಟರ್ ಬಗ್ಗೆ ನಂಬಿಕೆ ಬಂದದ್ದು ಅವತ್ತೇ. ಆ ಕೋಡಿನ ಚೀಟಿ ಫೋಟೋ ತೆಗೆದು ಇಟ್ಟುಕೊಳ್ಳಿ ದಯವಿಟ್ಟು, ಸೆನ್ಸರ್ ಬೆನ್ನಿಗೆ ಅಂಟಿಸಿ ಬಾಗಿಲಿಗೆ ಗಮ್ ಹಾಕಿದರೆ ಆಮೇಲೆ ಓದೋದು ಹೇಗೆ?

ಒಂದು ತಪ್ಪು ಮಾಡಿದ್ದೆ, ಅದನ್ನೂ ಹೇಳಿಬಿಡುತ್ತೇನೆ. ಗೀಸರ್ ಟೈಮರ್ ಪ್ಲಗ್ ಆ್ಯಪ್‌ನಲ್ಲಿ ಒಂದಿತ್ತು, ಸ್ಪೀಕರ್ ರೂಟೀನ್‌ನಲ್ಲಿ ಒಂದಿತ್ತು, ಹೋಮ್ ಅಸಿಸ್ಟೆಂಟ್‌ನಲ್ಲಿ ಹೊಸದೊಂದು ಬರೆದೆ. 16 ಆಂಪಿಯರ್ ಪ್ಲಗ್ ಹಾಕಿದ ಮೇಲೂ ಗೀಸರ್ 6ಕ್ಕೆ ಆರಿ 6.05ಕ್ಕೆ ತಾನಾಗಿ ಹತ್ತುತ್ತಿತ್ತು. ದೆವ್ವ ಹುಡುಕಿದ ಹಾಗೆ ಮೂರು ದಿನ ಹುಡುಕಿದೆ. ಒಂದು ಗೀಸರ್‌ಗೆ ಮೂವರು ಯಜಮಾನರು! ಎಲ್ಲ ಅಳಿಸಿ ಒಂದೇ ಕಡೆ ಇಟ್ಟೆ. ಸ್ಪೀಕರ್‌ಗೂ ಅದೇ ಕಾಯಿಲೆ. ಒಂದೇ ಬಲ್ಬು ಎರಡು ದಾರಿಯಲ್ಲಿ ಅದಕ್ಕೆ ಗೊತ್ತಾಗಿ, ಆ ಹೆಸರಿನವು ಎರಡಿವೆ ಯಾವುದು ಅಂತ ಕೇಳುತ್ತಿತ್ತು. ಹಳೇ ಜೋಡಣೆ ಕಿತ್ತ ಮೇಲೆ ಬಾಯಿ ಮುಚ್ಚಿತು.

ಎಸಿ ಬಗ್ಗೆ ಹೆದರಿದ್ದೆ, ಐಆರ್ ಅಂದರೆ ಕಳಿಸಿದ್ದು ಮುಟ್ಟಿತೋ ಇಲ್ಲವೋ ಗೊತ್ತಾಗಲ್ಲವಲ್ಲ. ಆದರೆ ನನ್ನ ಎಸಿ ರಿಮೋಟ್ ಪ್ರತಿ ಸಲ ಪೂರ್ತಿ ಸ್ಥಿತಿ ಕಳಿಸುತ್ತದೆ, ಆನ್, 25 ಡಿಗ್ರಿ, ಫ್ಯಾನ್ ಇಷ್ಟು ಅಂತ. ಎರಡು ಸಲ ಕಳಿಸಿದರೂ ತೊಂದರೆ ಇಲ್ಲ. ಟಿವಿಯದು ಹಾಗಲ್ಲ, ಆನ್‌ಗೂ ಆಫ್‌ಗೂ ಒಂದೇ ಗುಂಡಿ, ಎರಡು ಸಲ ಹೋದರೆ ಉಲ್ಟಾ.

ಒಂಟಿಕೊಪ್ಪಲ್_ರೂಟರ್:

ಭಲೇ. ಮುಂದೆ ಜಿಗ್ಬೀ ಡಾಂಗಲ್ ತಂದರೆ ಲ್ಯಾಪ್‌ಟಾಪಿಗೆ ನೇರ ಚುಚ್ಚಬೇಡಿ, ಒಂದು ಯುಎಸ್‌ಬಿ ಎಕ್ಸ್‌ಟೆನ್ಷನ್ ಕೇಬಲ್ ಹಾಕಿ ದೂರ ಇಡಿ. ಯುಎಸ್‌ಬಿ 3 ಪೋರ್ಟ್ 2.4 ಗಿಗಾಹರ್ಟ್ಸ್‌ನಲ್ಲೇ ಗದ್ದಲ ಮಾಡುತ್ತದೆ. ಜಿಗ್ಬೀ ಬಲ್ಬ್ ತರುವುದಾದರೆ ಇನ್ನೊಂದು ನೆನಪಿಡಿ. ಅವು ಒಂದರ ಸಂದೇಶ ಇನ್ನೊಂದು ದಾಟಿಸುತ್ತವೆ, ಅಮ್ಮ ಸ್ವಿಚ್ ಆರಿಸಿದರೆ ಆ ಬಲ್ಬಿನ ಆಚೆಗಿನ ಸೆನ್ಸರೂ ಮೂಕ ಆಗಬಹುದು.

ಜಾಲಹಳ್ಳಿ_ಕ್ರಾಸ್:

ಸದ್ಯಕ್ಕೆ ಏನೂ ತರಲ್ಲ ಅಂತ ಮನೆಯಲ್ಲಿ ಮಾತು ಕೊಟ್ಟಿದ್ದೇನೆ. ಅಮ್ಮ ಈಗಲೂ ಒಂಬತ್ತೂವರೆಗೆ ಸುತ್ತು ಹೊಡೆಯುತ್ತಾರೆ, ಎಲ್ಲ ಆರಿಸುತ್ತಾರೆ, ಏನೂ ಕೆಡಲ್ಲ. ಮೊನ್ನೆ ಕಾಲು ನೋವು ಅಂತ ಮಲಗಿದ್ದಲ್ಲಿಂದಲೇ ಸ್ಪೀಕರ್‌ಗೆ ಹೇಳು ಆರಿಸಲಿ ಅಂದರು. ಅದಕ್ಕೆ ಅವರ ಕನ್ನಡ ಅರ್ಥ ಆಗಲ್ಲ, ಆದ್ದರಿಂದ ರೂಟೀನ್ ಹೆಸರು ಗುಡ್‌ನೈಟ್ ಅಂತ ಇಟ್ಟಿದ್ದೇನೆ, ಅದೊಂದು ಅವರಿಗೆ ಬರುತ್ತದೆ.

ಹಾಲ್‌ನಿಂದ ತೆಗೆದ ಮೂರು ವೈಫೈ ಬಲ್ಬು ಸುಮ್ನೆ ಬಿದ್ದಿವೆ. ಒಂದನ್ನು ಟೇಬಲ್ ಲ್ಯಾಂಪಿಗೆ ಹಾಕಿದೆ, ಅದರ ಸ್ವಿಚ್ಚಿಗೆ ಯಾರೂ ಕೈ ಹಾಕಲ್ಲ. ಉಳಿದ ಎರಡು ಜಾಲಹಳ್ಳಿ, ಯಶವಂತಪುರ ಕಡೆಯವರು ಯಾರಾದರೂ ಬಂದು ತೆಗೆದುಕೊಂಡು ಹೋಗಬಹುದು, ದುಡ್ಡು ಬೇಡ.

ಗೋಡೆ_ಸ್ವಿಚ್_ಸಂಘ:

ನಾನು ಮತ್ತಿಕೆರೆಯಲ್ಲೇ ಇರೋದು. ಎರಡೂ ನನಗಿರಲಿ. ಬಣ್ಣ ಬದಲಾಗುತ್ತದಾ ಅವು?